ನೀರು ಬಿಡುತ್ತಿದ್ದ ಯಂಕಣ್ಣ ನೀರು ಬಸಿದದ್ದು

ನಲವತ್ತೇಳನೇ ವಯಸ್ಸಿನಲ್ಲಿ ಕೆಲಸ ಹೋದ ಗಂಡಸು ಮನೆಯಲ್ಲಿ ಕೂತರೆ ಏನಾಗುತ್ತದೆ ಎಂಬುದು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ರೊಟ್ಟಿ ದಪ್ಪ ಅನಿಸುತ್ತದೆ. ಮಂಚ ಹಾಕಿದ ದಿಕ್ಕು ಸರಿಯಿಲ್ಲ ಅನಿಸುತ್ತದೆ. ಹೆಂಡತಿ ಕೆಮ್ಮಿದರೂ ತನ್ನನ್ನು ನೋಡಿಯೇ ಕೆಮ್ಮಿದಳು ಅನಿಸುತ್ತದೆ. ನಮ್ಮ ಪಕ್ಕದ ಮನೆಯ ಯಂಕಣ್ಣನಿಗೂ ಹಾಗೇ ಆಗಿತ್ತು.

ನಮ್ಮೂರು ಕೆಂಭಾವಿಯಿಂದ ಬಹಳ ದೂರವಿಲ್ಲ. ಕಾಲುವೆ ಬಂದ ಮೇಲೆ ಇಲ್ಲಿ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆ ಕಾಲುವೆಗೆ ನಮ್ಮೂರ ಹತ್ತಿರ ಇರುವ ಗೇಟನ್ನು ಇಪ್ಪತ್ತೊಂದು ವರ್ಷ ಎತ್ತಿ ಇಳಿಸಿದವನು ಯಂಕಣ್ಣ. ಗುತ್ತಿಗೆ ನೌಕರಿ, ಸಣ್ಣ ಪಗಾರ. ಮರ್ಯಾದೆ ಮಾತ್ರ ದೊಡ್ಡದಿತ್ತು. ಯಾರ ಹೊಲಕ್ಕೆ ಯಾವ ದಿನ ನೀರಿನ ಪಾಳಿ ಎಂದು ಅವನು ಹೇಳಿದರೆ ಮುಗಿಯಿತು, ಎಂಥ ಜಗಳಗಂಟನೂ ಸುಮ್ಮನಾಗುತ್ತಿದ್ದ.

ಆಮೇಲೆ ಗೇಟಿಗೆ ಮೋಟರು ಕೂಡಿಸಿದರು. ಎಲ್ಲೋ ಕಚೇರಿಯಲ್ಲಿ ಗುಂಡಿ ಒತ್ತಿದರೆ ಇಲ್ಲಿ ಗೇಟು ಏಳುತ್ತದೆ. ಗುತ್ತಿಗೆದಾರ ಬಂದು, ಯಂಕಣ್ಣನಿಗೆ ಒಂದು ಕಪ್ ಚಹಾ ಕುಡಿಸಿ, "ನಾಳಿಂದ ಬರೂದು ಬ್ಯಾಡಪಾ" ಎಂದು ಹೇಳಿ ಹೋದ. ಇಪ್ಪತ್ತೊಂದು ವರ್ಷಕ್ಕೆ ಒಂದು ಕಪ್ ಚಹಾ! ಅಂದಿನಿಂದ ಯಂಕಣ್ಣ ಕಾಲುವೆಯ ಕಡೆ ಮುಖ ಹಾಕಲಿಲ್ಲ. ಬಯಲಿಗೆ ಹೋಗಬೇಕಾದರೂ ಸುತ್ತಿ ಬಳಸಿ ಬೇರೆ ದಾರಿ ಹಿಡಿಯುತ್ತಿದ್ದ.

ಅವನ ತಮ್ಮ ಮಹಾದೇವಪ್ಪ ಪುಣೆಯಲ್ಲಿದ್ದಾನೆ. ಅಲ್ಲಿ ಒಂದು ಕಟ್ಟಡಕ್ಕೆ ವಾಚ್‌ಮನ್ ಬೇಕಾಗಿತ್ತು, ಅಣ್ಣನನ್ನು ಕರೆದ, ಯಂಕಣ್ಣ ಹೊರಡಲು ಒಪ್ಪಿದ. ಇರಲಿಕ್ಕೆ ಒಂದು ಕೋಣೆ, ಅದೂ ಒಬ್ಬರು ಕಾಲು ಚಾಚುವಷ್ಟು. ಹೆಂಡತಿ ದೇವಕಮ್ಮ ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ, ಆ ಕೆಲಸ ಬಿಟ್ಟು ಅವಳು ಹೋಗುವಂತಿಲ್ಲ. ವಾಚ್‌ಮನ್ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ಆದರೆ ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ ಒಂದೇ ಮನೆಯಲ್ಲಿ ಉಂಡ ಗಂಡ ಹೆಂಡತಿ ಈಗ ಒಬ್ಬರು ಅಲ್ಲಿ, ಒಬ್ಬರು ಇಲ್ಲಿ ಎಂದರೆ ಅದೆಂಥ ಸಂಸಾರ? ದೇವಕಮ್ಮ ನನ್ನ ಹತ್ತಿರ ಬಂದು ಅತ್ತಳು. ನಾನು ಸಮಾಧಾನ ಹೇಳುವ ಬದಲು ಅವಳ ಜೊತೆ ಕೂತು ಅತ್ತೆ. ನನ್ನಿಂದ ಆದ ಸಹಾಯ ಅಷ್ಟೇ.

ನಿಜವಾದ ಸಹಾಯ ಮಾಡಿದವಳು ಮಾನಮ್ಮ. ನಮ್ಮೂರ ಮಗಳು, ಭೀಮರಾಯನಗುಡಿಯ ಕೃಷಿ ಕಾಲೇಜಿನ ಹೊಲದಲ್ಲಿ ಸಹಾಯಕಿಯಾಗಿ ದುಡಿಯುತ್ತಾಳೆ. ಒಂದು ಭಾನುವಾರ ಯಂಕಣ್ಣನ ಮನೆಗೆ ಬಂದಳು.

"ಕಾಕಾ, ಪುಣೆಕ್ಕ ಹೊಂಟೀರಂತ?"

"ಮತ್ತೇನ್ ಮಾಡ್ಲವ್ವ? ಗೇಟ್ ಎತ್ತೂದು, ಇಳಸೂದು ಬಿಟ್ರ ನನಗೇನ್ ಬರ್ತದ?"

"ಅದನ್ನೇ ಕೇಳಾಕ ಬಂದೀನಿ." ಮಾನಮ್ಮ ದೇವಕಮ್ಮನ ಕಡೆ ತಿರುಗಿದಳು. "ಚಿಗವ್ವ, ಒಂದು ಕಾಗದ, ಪೆನ್ನ ತಗೊಂಬಾ. ಕಾಕಾ ಹೇಳ್ಲಿ, ನೀ ಬರಿ. ಕಾಕಾ, ನಮ್ಮೂರಾಗ ಯಾರ ಹೊಲ ಸವಳಾಗ್ಯಾವ?"

ಸವಳು ಎಂದರೆ ಉಪ್ಪು ಮೇಲೆ ಬಂದು ಕೆಟ್ಟ ಭೂಮಿ. ಯಂಕಣ್ಣ ಯೋಚನೆಯನ್ನೂ ಮಾಡಲಿಲ್ಲ. "ಶಾಂತಪ್ಪ ಸಾವ್ಕಾರ್ರದು ಕೆಳಗಿನ ಮೂರೂವರಿ ಎಕರೆ. ಅದರ ಬಾಜೂದ್ದು ಅರ್ಧ. ಹಳ್ಳದ ಆಚಿ ದಂಡಿದು ಪೂರಾ."

"ಯಾಕ ಕೆಟ್ಟಾವ?"

"ಮ್ಯಾಲಿನ ಹೊಲದವ್ರು ಬೇಕಾದಷ್ಟು ನೀರ ಕಟ್ತಾರ. ಅದು ಒಳಗಿಂದೊಳಗ ಬಸದು ಕೆಳಗ ನಿಂದರತದ. ನಮ್ಮ ಕರಿ ಮಣ್ಣು ನೀರ ಲಗೂ ಬಿಡಂಗಿಲ್ಲ. ಹೊರಗ ಹೋಗಾಕ ದಾರಿ ಇಲ್ಲ. ಬಿಸಲಿಗೆ ನೀರು ಆರತದ, ಉಪ್ಪು ಮ್ಯಾಲ ಕುಂದರತದ."

"ಇದನ್ನೆಲ್ಲ ನಿಮಗ ಯಾರ ಕಲಿಸ್ಯಾರ?"

"ಯಾರ ಕಲಸ್ತಾರ? ಇಪ್ಪತ್ತೊಂದು ವರ್ಷ ಬದುವಿನ ಮ್ಯಾಲ ನಡದೀನಲ್ಲ."

ಮಾನಮ್ಮ ಕೇಳುತ್ತಲೇ ಹೋದಳು. ಯಾವ ಹೊಲ ಯಾವ ಕಡೆ ಇಳಿಜಾರು, ಎಲ್ಲಿ ಮೊಣಕೈ ಆಳಕ್ಕೆ ನೀರು ಸಿಗುತ್ತದೆ, ಪಾಳಿಯ ಜಗಳ ಹೇಗೆ ಬಿಡಿಸಬೇಕು. ಕಾಗದದ ಒಂದು ಮಗ್ಗುಲು ತುಂಬಿ ಇನ್ನೊಂದು ಮಗ್ಗುಲಿಗೆ ಬಂತು. ದೇವಕಮ್ಮ ಪೆನ್ನು ಕೆಳಗಿಟ್ಟು ಕೈ ಜಾಡಿಸಿಕೊಂಡಳು.

"ನೋಡ್ರಿ ಕಾಕಾ, ಏನೂ ಬರಲಾರದವ್ರ ಪಟ್ಟಿ ಇಷ್ಟುದ್ದ ಇರ್ತದೇನು? ನಮ್ಮ ಕಾಲೇಜಿನಾಗ ಬರೂ ಸೋಮವಾರದಿಂದ ಹನ್ನೆರಡು ದಿನ ತರಬೇತಿ ಅದ. ಸವಳು ಹೊಲದಾಗ ನೆಲದ ಕೆಳಗ ತೂತಿನ ಪೈಪ್ ಹಾಕಿ ನೀರ ಹೊರಗ ಬಸಿಯೂ ಕೆಲಸ. ಬ್ಯಾರೆ ಊರಾಗ ಮಾಡ್ಸವ್ರು ಭಾಳ ಮಂದಿ ಅದಾರ, ಮಾಡವ್ರು ಸಿಗವಲ್ರು."

"ಈ ವಯಸ್ಸಿನಾಗ ಸಾಲಿಗೆ ಹೋಗ್ಲೇನು? ಊರ ನಗ್ತದ."

ದೇವಕಮ್ಮನಿಗೆ ಸಿಟ್ಟು ಬಂತು. "ನೌಕರಿ ಹೋದಾಗ ಊರೇನ್ ಅತ್ತದೇನ್ರಿ? ನಕ್ರ ನಗಲಿ ಬಿಡ್ರಿ. ನೀವು ಪುಣೆಕ್ಕ ಹೋದ್ರ ಅಳಾಕಿ ನಾ ಒಬ್ಬಾಕಿ. ಹನ್ನೆರಡು ದಿನ ನನ್ ಮಾತ ಕೇಳ್ರಿ. ಆಮ್ಯಾಲ ಹೋಗ್ತೀನಂದ್ರ ನಾನೇ ಬುತ್ತಿ ಕಟ್ಟಿ ಕಳಸ್ತೀನಿ."

ಯಂಕಣ್ಣ ಹೋದ. ಮೊದಲೆರಡು ದಿನ ಬಾಯಿ ಬಿಡಲಿಲ್ಲವಂತೆ. ಮೂರನೇ ದಿನ ಹೊಲಕ್ಕೆ ಕರೆದುಕೊಂಡು ಹೋಗಿ, ಮೇಲಿನ ಮಣ್ಣು ಅಗೆದು, ನೀರು ಎಷ್ಟು ಆಳದಲ್ಲಿದೆ ಹೇಳಿ ಎಂದರಂತೆ. ಜೊತೆಗೆ ಕಲಿಯುತ್ತಿದ್ದ ಹುಡುಗರೆಲ್ಲ ಮುಖ ಮುಖ ನೋಡುತ್ತಿದ್ದಾಗ ಯಂಕಣ್ಣ ಒಂದು ಹಿಡಿ ಮಣ್ಣು ತೆಗೆದುಕೊಂಡು ಹಿಚುಕಿ ನೋಡಿ, ಇಷ್ಟು ಅಂದ. ಅಳೆದರೆ ನಾಲ್ಕು ಬೆರಳಷ್ಟೇ ವ್ಯತ್ಯಾಸ. ಅಲ್ಲಿಂದ ಪೈಪಿನ ಇಳಿಜಾರು ಹಿಡಿಯುವುದು, ಮಟ್ಟ ನೋಡುವುದು, ತೂತಿನೊಳಗೆ ಮಣ್ಣು ಹೊಗದಂತೆ ಪೈಪಿಗೆ ಬಟ್ಟೆ ಸುತ್ತುವುದು, ಎಲ್ಲ ಕಲಿತು ಪ್ರಮಾಣಪತ್ರ ಹಿಡಿದುಕೊಂಡು ಬಂದ. ದೇವಕಮ್ಮ ಅದನ್ನು ನಮ್ಮ ಉಳಿತಾಯ ಸಂಘದ ಹೆಂಗಸರಿಗೆಲ್ಲ ತೋರಿಸಿದಳು. ಓದಲು ಬಾರದವರನ್ನೂ ಬಿಡಲಿಲ್ಲ, ಅದರಲ್ಲಿದ್ದ ಫೋಟೋ ತೋರಿಸಿ "ನಮ್ಮವ್ರು" ಅಂದಳು.

ಈಗ ಕೆಲಸ ಕೊಡುವವರು ಬೇಕಲ್ಲ. ಯಂಕಣ್ಣ ಶಾಂತಪ್ಪನ ಕಟ್ಟೆಗೆ ಹೋದ. ಶಾಂತಪ್ಪ ನಮ್ಮೂರ ದೊಡ್ಡ ರೈತ, ಅಂಗಡಿಯೂ ಇದೆ. ಮಾತು ಒರಟು.

"ಏನಂದಿ? ಹೊಲದಾಗಿಂದ ನೀರ ಹೊರಗ ಹಾಕ್ತಿ?" ಶಾಂತಪ್ಪ ಕಟ್ಟೆಯ ಮೇಲಿನ ಜನರನ್ನೆಲ್ಲ ಕರೆದ. "ಕೇಳ್ರೆಪಾ ಇಲ್ಲಿ! ಪಾಳಿ ಒಂದು ತಾಸು ತಡ ಆದ್ರ ಕೊಡ್ಲಿ ಹಿಡ್ಕೊಂಡು ಹೋಗೂ ಊರಾಗ, ಇಂವ ರೊಕ್ಕ ಇಸ್ಕೊಂಡು ನೀರ ಚೆಲ್ತಾನಂತ! ಯಂಕಣ್ಣ, ನೌಕರಿ ಹೋದ ಚಿಂತ್ಯಾಗ ತೆಲಿ ಬರೋಬ್ಬರಿ ಅದನಾ?"

ಎಲ್ಲರೂ ನಕ್ಕರು. ತಪ್ಪಿಲ್ಲ ಬಿಡಿ. ಕಾಲುವೆ ಬಂದಾಗಿನಿಂದ ನಮ್ಮೂರಲ್ಲಿ ನೀರು ಹೆಚ್ಚಾಯಿತು ಎಂದು ಯಾರೂ ಬಾಯಿ ಬಿಟ್ಟು ಹೇಳಿದವರಲ್ಲ. ಹೊಲ ಬೆಳ್ಳಗಾದರೂ ಇನ್ನಷ್ಟು ನೀರು ಬಿಡಿ ಎಂದೇ ಕೇಳುತ್ತಿದ್ದೆವು.

ಅವತ್ತು ಶಾಂತಪ್ಪನ ಅಂಗಡಿಗೆ ಎಣ್ಣೆ ತರಲು ಹೋಗಿದ್ದ ದೇವಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. "ಸಾವ್ಕಾರ್ರ, ಆ ಮೂರೂವರಿ ಎಕರೆದಾಗ ಹೋದ ವರ್ಷ ಏನ್ ಬೆಳದೀರಿ?"

ಶಾಂತಪ್ಪ ಅಂಗಡಿಯ ಕಡೆ ಮುಖ ತಿರುಗಿಸಿದ. ಬೆಳೆದಿದ್ದರಲ್ಲವೇ ಹೇಳುವುದು?

"ಎಲ್ಲದಕಿಂತ ಕೆಟ್ಟದ್ದು ಒಂದೇ ಎಕರೆ ಕೊಡ್ರಿ. ಪೈಪ್ ನೀವು ತರ್ರಿ. ಕೂಲಿ ಬೆಳಿ ಬಂದ್ ಮ್ಯಾಲ ಕೊಡ್ರಿ. ಬರ್ಲಿಲ್ಲಂದ್ರ ಕೊಡಬ್ಯಾಡ್ರಿ."

ಹತ್ತು ಜನರ ಎದುರಿಗೆ ಹೆಂಗಸು ಹಾಗೆ ಕೇಳಿದ ಮೇಲೆ ಶಾಂತಪ್ಪ ಆಗಲಿ ಎನ್ನಲೇಬೇಕಾಯಿತು.

ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿತ್ತು. ಯಂಕಣ್ಣ ಒಂದು ಎಕರೆಯಲ್ಲಿ ಸಾಲು ಸಾಲಾಗಿ ಪೈಪ್ ಹುಗಿದು, ಎಲ್ಲವನ್ನೂ ಒಂದು ದೊಡ್ಡ ಪೈಪಿಗೆ ಕೂಡಿಸಿ, ಅದರ ಬಾಯಿಯನ್ನು ಪಕ್ಕದ ಹಳ್ಳಕ್ಕೆ ಬಿಟ್ಟ. ಅಚ್ಚುಕಟ್ಟು ಕೆಲಸ. ಮಳೆಗಾಲ ಬಂತು, ಕಾಲುವೆಗೆ ನೀರು ಬಿಟ್ಟರು, ಶಾಂತಪ್ಪ ನಾಟಿ ಮಾಡಿಸಿದ. ಹದಿನೈದು ದಿನಕ್ಕೆ ಸಸಿ ಹಳದಿಯಾಯಿತು. ಹೊಲದಲ್ಲಿ ನೀರು ಮೊದಲಿಗಿಂತ ಹೆಚ್ಚು ನಿಂತಿತು.

ಶಾಂತಪ್ಪ ಬದುವಿನ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದ. "ನೀರ ತಗೀತೀನಂದಿ, ಇದ್ದದ್ದಕ್ಕ ಇನ್ನಷ್ಟು ತಂದ್ ಹಾಕಿದಿ!"

ಯಂಕಣ್ಣ ಮನೆಗೆ ಬಂದು ಬಟ್ಟೆ ಬ್ಯಾಗಿಗೆ ತುಂಬತೊಡಗಿದ. ದೇವಕಮ್ಮ ಫೋನ್ ಮಾಡಿದ್ದಕ್ಕೆ ಮಾನಮ್ಮ ಮಧ್ಯಾಹ್ನದ ಬಸ್ಸಿಗೇ ಬಂದಳು.

"ಪುಣೆ ಎಲ್ಲೂ ಓಡಿ ಹೋಗಂಗಿಲ್ಲ ಕಾಕಾ. ಮೊದಲ ತಪ್ಪೆಲ್ಲಿ ಆತು ಅಂತ ನೋಡೂಣು, ನಡೀರಿ."

ಕೆಲಸ ಹೋದ ಮೇಲೆ ಕಾಲುವೆಗೆ ನೀರು ಬಂದಾಗ ಯಂಕಣ್ಣ ಹಳ್ಳದ ಕಡೆ ನಡೆದದ್ದು ಅದೇ ಮೊದಲು. ಹಳ್ಳದ ದಂಡೆಯಲ್ಲಿ ನಿಂತು ನೋಡಿದ. ಪೈಪಿನ ಬಾಯಿ ಕಾಣಲೇ ಇಲ್ಲ. ಹಳ್ಳ ಏರಿ ಅದನ್ನು ಮುಳುಗಿಸಿತ್ತು. ಹಳ್ಳದ ನೀರೇ ಪೈಪಿನೊಳಗೆ ಹೊಕ್ಕು ಹೊಲಕ್ಕೆ ವಾಪಸ್ ಹೋಗುತ್ತಿತ್ತು.

ಯಂಕಣ್ಣ ಹಣೆಗೆ ಕೈ ಹಚ್ಚಿಕೊಂಡು ಕೂತ. "ಕಾಲುವಿ ಬಿಟ್ಟಾಗ ಹೆಚ್ಚಾದ ನೀರ ಬಂದು ಈ ಹಳ್ಳ ಆಳುದ್ದ ಏರತದ. ಇದು ನನಗ ಗೊತ್ತಿಲ್ದೇನು? ಪ್ರತಿ ವರ್ಷ ನೋಡೀನಿ. ಬ್ಯಾಸಿಗ್ಯಾಗ ಒಣಾ ಹಳ್ಳ ನೋಡಿ ಬಾಯಿ ಇಟ್ಟೆ. ಆ ನೌಕರಿದು ಏನೂ ನೆನಪ ಮಾಡ್ಕೋಬಾರದು ಅಂತ ಹಟ ಹಿಡದಿದ್ದೆ."

"ಕಾಲೇಜಿನವ್ರು ಪೈಪ್ ಹಾಕೂದು ಕಲಸ್ತಾರ ಕಾಕಾ," ಎಂದಳು ಮಾನಮ್ಮ. "ನಮ್ಮ ಹಳ್ಳ ಎಷ್ಟು ಏರತದ ಅಂತ ಅವ್ರಿಗೆ ಹ್ಯಾಂಗ ಗೊತ್ತಾಗಬೇಕು? ಅದು ನಿಮ್ಮ ಹಂತ್ಯಾಕ ಇರೂ ವಿದ್ಯಾ. ಹಳೇದರ ಮ್ಯಾಲ ಸಿಟ್ಟ ಮಾಡಿ ಅದನ್ನ ಮನ್ಯಾಗ ಬಿಟ್ಟು ಬಂದ್ರ ಹೊಸಾದು ಹ್ಯಾಂಗ ನಡೀತದ?"

ಯಂಕಣ್ಣ ಎದ್ದು ದಂಡೆಯ ಗುಂಟ ಕೆಳಗೆ ನಡೆದ. ಎಂಬತ್ತು ಹೆಜ್ಜೆ ಆಚೆ ಹಳ್ಳ ಒಂದು ಬಂಡೆಯಿಂದ ಕೆಳಗೆ ಧುಮುಕುತ್ತದೆ. ಎಲ್ಲ ಗೇಟು ಎತ್ತಿದರೂ ಅಲ್ಲಿ ನೀರು ಮೇಲೆ ಬರುವುದಿಲ್ಲ. ಅದನ್ನು ಯಾವ ನಕ್ಷೆಯಲ್ಲೂ ಅವನು ಓದಿರಲಿಲ್ಲ, ಕಣ್ಣಾರೆ ಕಂಡಿದ್ದ.

ನೇರ ಶಾಂತಪ್ಪನ ಕಟ್ಟೆಗೆ ಹೋಗಿ ಎಲ್ಲರೆದುರೇ ಹೇಳಿದ. "ತಪ್ಪು ನಂದರಿ ಸಾವ್ಕಾರ್ರ. ಹ್ಯಾಂಗ ಆತು, ಎಲ್ಲಿ ಆತು ನನಗ ತಿಳದದ. ನನ್ನ ಕೈಲಿಂದ ರಿಪೇರಿ ಮಾಡ್ತೀನಿ, ನಾಕು ದಿನ ಕೊಡ್ರಿ."

ತಪ್ಪು ಒಪ್ಪಿಕೊಂಡವನನ್ನು ಬೈಯುವುದು ಬಹಳ ಕಷ್ಟ. ಶಾಂತಪ್ಪ ಹೂಂ ಎಂದ. ಯಂಕಣ್ಣ ದಂಡೆಯ ಗುಂಟ ಕಾಲುವೆಯಂತೆ ತೋಡಿ ದೊಡ್ಡ ಪೈಪನ್ನು ಮುಂದಕ್ಕೆ ಒಯ್ದ, ದೇವಕಮ್ಮ ಸಲಿಕೆ ಹಿಡಿದಳು, ನಾನೂ ಬುಟ್ಟಿ ಹೊತ್ತೆ. ಈ ಸಲ ಅತ್ತು ಸುಮ್ಮನಾಗಲಿಲ್ಲ. ನಾಲ್ಕನೇ ದಿನ ಪೈಪಿನ ಬಾಯಿ ಬಂಡೆಯ ಕೆಳಗೆ ಬಂತು. ಹಳ್ಳ ತುಂಬಿ ಹರಿಯುತ್ತಿದ್ದರೂ ಪೈಪಿನಿಂದ ನೀರು ತೊಟ್ಟಿಕ್ಕಿತು, ಆಮೇಲೆ ಬೆರಳು ಗಾತ್ರ, ಆಮೇಲೆ ಮುಂಗೈ ಗಾತ್ರ ಸುರಿಯಿತು.

ಶಾಂತಪ್ಪ ಬಂದು ಬೊಗಸೆ ಒಡ್ಡಿ, ಬಾಯಿಗೆ ಹಾಕಿಕೊಂಡು, "ಥೂ! ಬರೇ ಉಪ್ಪು!" ಎಂದು ಉಗುಳಿದ. ಉಗುಳಿದವನು ನಗತೊಡಗಿದ. "ಈ ಉಪ್ಪು ನನ್ ಹೊಲದಾಗಿತ್ತೇನೋ ಯಂಕಣ್ಣ? ಇಷ್ಟು ವರ್ಷ ಇದರ ಮ್ಯಾಲ ನಾ ಭತ್ತ ಬಿತ್ತೀನೇನು?"

ಸಸಿ ಹಸಿರಿಗೆ ತಿರುಗಿತು. ಒಂದೇ ವರ್ಷಕ್ಕೆ ಉಪ್ಪೆಲ್ಲ ಹೋಗುವುದಿಲ್ಲ, ಪೂರ್ತಿ ಫಸಲೂ ಬರಲಿಲ್ಲ. ಆದರೂ ನಾಲ್ಕು ವರ್ಷದಿಂದ ಹುಲ್ಲೂ ಸರಿಯಾಗಿ ಏಳದ ಹೊಲದಲ್ಲಿ ತೆನೆ ಬಾಗಿದ್ದನ್ನು ನೋಡಲು ಜನ ಎತ್ತಿನ ಬಂಡಿ ನಿಲ್ಲಿಸಿ ಇಳಿಯುತ್ತಿದ್ದರು. ಶಾಂತಪ್ಪ ಕೂಲಿ ಎಣಿಸಿ ಕೊಟ್ಟು, ಉಳಿದ ಎರಡೂವರೆ ಎಕರೆಯನ್ನು ಯಂಕಣ್ಣ ಕೇಳದೆಯೇ ಒಪ್ಪಿಸಿದ. ಶಿರವಾಳದ ಕಡೆಯಿಂದಲೂ ಇಬ್ಬರು ರೈತರು ಯಂಕಣ್ಣನ ಮನೆ ಹುಡುಕಿಕೊಂಡು ಬಂದರು.

ದೀಪಾವಳಿಯ ಮುಂದೆ ಮಹಾದೇವಪ್ಪ ಪುಣೆಯಿಂದ ಫೋನ್ ಮಾಡಿದ. "ಅಣ್ಣಾ, ಜಾಗಾ ಹಿಡದಿಟ್ಟೀನಿ. ಬರ್ತಿಯೋ ಇಲ್ಲೋ?" ಯಂಕಣ್ಣ ಬಾಯಿ ತೆರೆಯುವ ಮೊದಲೇ ದೇವಕಮ್ಮ ಫೋನ್ ಇಸಿದುಕೊಂಡಳು. "ಆ ಜಾಗಾ ಬ್ಯಾರೆ ಯಾರಿಗರ ಕೊಡಿಸು ಮಾದೇವಪ್ಪ. ನಿಮ್ಮಣ್ಣಗ ಈಗ ಪುರುಸೊತ್ತಿಲ್ಲ. ಸತ್ತ ಹೊಲ ಬದುಕಸಾಕತ್ತಾರ." ಅವಳ ದನಿ ನಮ್ಮ ಮನೆಯವರೆಗೆ ಕೇಳಿಸಿತು. ಕೇಳಿಸಲಿ ಎಂದೇ ಅಷ್ಟು ಜೋರಾಗಿ ಹೇಳಿದಳು. ನನ್ನ ಎದೆಯೂ ಉಬ್ಬಿತು, ಸುಳ್ಳೇಕೆ ಹೇಳಲಿ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ನಡುವಯಸ್ಸಿನಲ್ಲಿ ಕೆಲಸ ಕಳೆದುಕೊಂಡವರು ಇರಬಹುದು. ಅವರನ್ನು ಚುಚ್ಚಬೇಡಿ. ಪಕ್ಕದಲ್ಲಿ ಕೂತು ಒಂದು ಕಾಗದ ತೆಗೆದುಕೊಳ್ಳಿ, ಅವರಿಗೆ ಏನೇನು ಗೊತ್ತು ಎಂದು ಕೇಳಿ ಬರೆಯಿರಿ. ಆ ಕಾಗದ ಹಿಡಿದು ಹತ್ತಿರದ ಕೃಷಿ ಕಾಲೇಜಿಗೋ, ಪಂಚಾಯಿತಿಗೋ, ನಿಮ್ಮ ಸಂಘಕ್ಕೋ ಹೋಗಿ, ಯಾವ ತರಬೇತಿ ಇದೆ ವಿಚಾರಿಸಿ. ವಯಸ್ಸಾಯಿತೆಂದು ನಾಚಬೇಡಿ. ಮೊದಲನೇ ಸಲ ತಪ್ಪಾದರೆ ಬ್ಯಾಗು ಕಟ್ಟುವ ಮುಂಚೆ ಒಮ್ಮೆ ಹೋಗಿ ತಪ್ಪನ್ನು ನೋಡಿ ಬನ್ನಿ. ನೌಕರಿ ಕೊಟ್ಟವರು ನೌಕರಿ ವಾಪಸ್ ತೆಗೆದುಕೊಂಡಿರಬಹುದು. ನೀವು ಕಲಿತದ್ದನ್ನು ಯಾರೂ ವಾಪಸ್ ಕೇಳಿಲ್ಲ, ಅದು ಇನ್ನೂ ನಿಮ್ಮ ಹತ್ತಿರವೇ ಇದೆ.