ಇಬ್ಬರೂ ಎಡಕ್ಕೆ ಸರಿದ ಬೆಳಿಗ್ಗೆ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಕಾಲು ಮುರಿದುಕೊಂಡವನು ಒಬ್ಬ, ಕೆಲಸ ಹೋಗುವ ಭಯದಲ್ಲಿದ್ದವನು ಇನ್ನೊಬ್ಬ. ಇವರ ನಡುವೆ ಮೂರನೆಯವರು ಬಾಯಿ ಹಾಕುವುದು ಅಧಿಕಪ್ರಸಂಗವೇ ಸರಿ. ಆದರೆ ಊರಿನಲ್ಲಿ ಈ ಸಂಗತಿ ಹೇಳುವವರೆಲ್ಲ ಯಾರಾದರೂ ಒಬ್ಬರ ಮೇಲೆ ತಪ್ಪು ಹೊರಿಸಿ, ಕೈ ಒದರಿಕೊಂಡು ಎದ್ದು ಹೋಗುತ್ತಾರೆ. ಕೆಂಪರಾಜನಿಗೆ ಹಾಗೆ ಎದ್ದು ಹೋಗಲು ಆಗಲಿಲ್ಲ. ಅಷ್ಟನ್ನು ಹೇಳಬಹುದೇನೋ.

ಕೆಂಪರಾಜ್ ವ್ಯಾನ್ ಡ್ರೈವರ್. ದೊಡ್ಡಬೆಳವಂಗಲದ ಆಚೆಯ ತನ್ನೂರು, ಅದರ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳನ್ನು ಬೆಳಿಗ್ಗೆ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಬಿಟ್ಟು ಸಂಜೆ ಕರೆತರುವುದು ಅವನ ಕೆಲಸ. ವ್ಯಾನು ಅವನದಲ್ಲ, ಪೇಟೆಯ ಅನಿಲ್‌ಕುಮಾರನದು. ಸ್ಟೇರಿಂಗ್ ಹಿಡಿದಷ್ಟು ಹೊತ್ತೂ ನಡೆಯುವವರನ್ನು ಬೈಯುವುದು ಅವನಿಗೆ ಉಸಿರಾಟದಷ್ಟೇ ಸಹಜವಾಗಿತ್ತು. ನಾಲ್ವರು ಸಾಲಾಗಿ ಕೈ ಬೀಸಿಕೊಂಡು ಮದುವೆಗೆ ಹೊರಟವರಂತೆ ನಡೆಯುತ್ತಾರೆ, ಮೇಕೆ ಬಿಟ್ಟು ತಾವು ಮೋರಿಯ ಮೇಲೆ ಕೂರುತ್ತಾರೆ, ಕಿವಿಗೆ ವೈರು ಸಿಗಿಸಿಕೊಂಡು ಅಡ್ಡ ದಾಟುತ್ತಾರೆ ಎಂದು ಅವನು ಗೊಣಗಿದರೆ, ಮುಂದಿನ ಸೀಟಿನಲ್ಲಿ ಕೂರುತ್ತಿದ್ದ ನವ್ಯಶ್ರೀ ಬಿಡುತ್ತಿರಲಿಲ್ಲ. ತೋಟದ ಮನೆಯಿಂದ ವ್ಯಾನು ನಿಲ್ಲುವ ಜಾಗದವರೆಗೆ ದಿನವೂ ನಡೆದು ಬರುವ ಹುಡುಗಿ ಅವಳು.

"ನಡ್ಯೋರಿಗೆ ಅಂತ ಜಾಗ ಎಲ್ಲಿ ಇಟ್ಟವ್ರೆ ತೋರ್ಸಣ್ಣ, ನಾಳೆಯಿಂದ ಅಲ್ಲೇ ನಡೀತೀವಿ," ಎನ್ನುತ್ತಿದ್ದಳು.

ಅದಕ್ಕೆ ಅವನು ಹಾರನ್ ಒತ್ತುತ್ತಿದ್ದ.

ಇಷ್ಟರ ಮೇಲೆ ಸುಗ್ಗಿ ಬಂತೆಂದರೆ ಅವನ ಗೋಳು ಹೇಳತೀರದು. ರಾಗಿ ಮುಗಿದು ಹುರುಳಿ ಕಿತ್ತ ಮೇಲೆ ಗಿಡಗಳನ್ನು ತಂದು ಟಾರು ರಸ್ತೆಯ ಅಂಚಿಗೆ ಹಾಸುವುದು ಆ ಕಡೆಯ ರೂಢಿ. ಹೋಗಿ ಬರುವ ಗಾಡಿಗಳ ಚಕ್ರವೇ ಒಕ್ಕಣೆ ಮಾಡಿಕೊಡುತ್ತದೆ. ಎತ್ತು ಬೇಡ, ಉರುಳಿಸುವ ಕಲ್ಲುಗುಂಡು ಬೇಡ, ಕೂಲಿ ಬೇಡ. ಗಿಡ ಹಾಸಿದಾಗ ಅದರ ಮೇಲೆ ಗಾಡಿ ಹತ್ತಿಸದೆ ಹೋದವನನ್ನು ನಿನ್ನ ಟೈರೇನು ಸವೆದುಹೋಗುತ್ತದಾ ಎಂದು ಹಂಗಿಸುತ್ತಾರೆ. ಕಾಳು ಉದುರಿದ ಮೇಲೆ ಅದನ್ನು ಒಣಗಲು ಹರವಿ, ಸುತ್ತ ಕಲ್ಲಿಟ್ಟು, ಅದರ ಅಂಚಿಗೆ ಚಕ್ರ ತಾಗಿಸಿದವನ ವಂಶವನ್ನೇ ಜಾಲಾಡುತ್ತಾರೆ. ಯಾರ ಮನೆಯ ಮುಂದೆ ಹತ್ತಿಸಬೇಕು, ಯಾರ ಮನೆಯ ಮುಂದೆ ಹತ್ತಿಸಬಾರದು ಎಂಬುದನ್ನು ಡ್ರೈವರ್ ಆದವನು ನೆನಪಿಟ್ಟುಕೊಳ್ಳಬೇಕು. ನಡೆಯುವವರು ಮಾತ್ರ ಎರಡೂ ಹೊತ್ತಿನಲ್ಲಿ ರಸ್ತೆಯ ನಡುವೆ ಬರಬೇಕು, ಅಂಚು ಉಳಿದಿರುವುದಿಲ್ಲವಲ್ಲ.

ಈ ಸಲ ಕೆಂಪರಾಜನ ತಾಯಿ ಅಮ್ಮಯಮ್ಮನೂ ಮನೆಯ ಮುಂದೆ, ಪೇಟೆಗೆ ಹೋಗುವಾಗ ಎಡಕ್ಕೆ ಸಿಗುವಂತೆ, ಹುರುಳಿ ಹಾಸಿದ್ದಳು. ಬೇಡವ್ವಾ ಎಂದು ಅವನು ಹೇಳಿಯೂ ನೋಡಿದ. ಊರವರ ಗಾಡಿಯೆಲ್ಲ ಹತ್ತಿಸಿಕೊಂಡು ಹೋಗುತ್ತವೆ, ಹೆತ್ತ ಮಗ ಮಾತ್ರ ತಪ್ಪಿಸಿಕೊಂಡು ಹೋಗುತ್ತಾನೆ ಎಂದು ಅವಳು ಬೀದಿಗೆಲ್ಲ ಕೇಳುವಂತೆ ಅಂದಳು. ಮಾರನೆಯ ದಿನದಿಂದ ಅವನ ವ್ಯಾನೂ ದಿನವೂ ಎಡಕ್ಕೆ ವಾಲಿ ಹುರುಳಿ ತುಳಿಯಿತು. ಒಳಗಿದ್ದ ಹೆಂಗಸರು ಕುಲುಕಾಡುತ್ತ ನಗುತ್ತಿದ್ದರು.

ಗಂಗಣ್ಣ ಅದೇ ಬೀದಿಯವನು, ವರಸೆಯಲ್ಲಿ ಕೆಂಪರಾಜನಿಗೆ ದೊಡ್ಡಪ್ಪ. ಬೆಳಿಗ್ಗೆ ಹಾಲು ಕರೆದು ಕ್ಯಾನು ಹಿಡಿದು ಡೈರಿಗೆ ನಡೆಯುತ್ತಿದ್ದ. ಕೊಟ್ಟಿಗೆಯ ಸಗಣಿ ಮೆತ್ತಿದ ಚಪ್ಪಲಿಯಲ್ಲಿ ಹುರುಳಿ ತುಳಿಯಬೇಡ ಎಂದು ಅಮ್ಮಯಮ್ಮ ಅವನಿಗೆ ಮುಖದ ಮೇಲೆ ಹೊಡೆದಂತೆ ಹೇಳಿದ್ದಳು. ಟೈರಿಗೇನು ಗಂಧ ಹಚ್ಚಿದ್ದಾರಾ ಎಂದು ಅವನು ಕೇಳಿದನಂತೆ. ಆದರೂ ಹೆಂಗಸಿನ ಬಾಯಿಗೆ ಬೀಳುವುದು ಯಾಕೆಂದು ಅಂಚು ಬಿಟ್ಟು ರಸ್ತೆಯ ನಡುವೆಯೇ ನಡೆಯತೊಡಗಿದ.

ಅಂದು ಬೆಳಿಗ್ಗೆ ಮಂಜು ಇತ್ತು. ಕೆಂಪರಾಜ್ ತನ್ನ ಮನೆಯ ಹತ್ತಿರದ ತಿರುವು ದಾಟಿ ಬಂದಾಗ ಗಂಗಣ್ಣನ ಬೆನ್ನು ಮುಂದೆಯೇ ಕಂಡಿತು. ಹಾರನ್ ಹೊಡೆದ, ಎಡಕ್ಕೆ ತಿರುಗಿಸಿದ. ಹಾರನ್ ಕೇಳಿದ ಗಂಗಣ್ಣ, ಗಾಡಿ ಹೋಗಲಿ ಎಂದು ಎಡಕ್ಕೇ ಹಾರಿ ಹುರುಳಿಯ ಮೇಲೆ ನಿಂತ. ಬ್ರೇಕ್ ಒತ್ತಿದರೆ ಸೊಪ್ಪಿನ ಮೇಲೆ ಚಕ್ರ ನಿಲ್ಲಲಿಲ್ಲ. ವ್ಯಾನಿನ ಮೂಲೆ ತಾಗಿ ಮುದುಕ ಬಿದ್ದ, ಕ್ಯಾನು ಉರುಳಿತು, ಹಾಲೆಲ್ಲ ಹುರುಳಿಯೊಳಗೆ ಇಂಗಿತು. ಅದೇ ವ್ಯಾನಿನಲ್ಲಿ ಅವನನ್ನು ಮಲಗಿಸಿಕೊಂಡು ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೋದರು. ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ಹೇಗಾಯಿತೆಂದು ಅಲ್ಲಿಯವರು ಕೇಳಿದಾಗ ಗಂಗಣ್ಣ ಹಲ್ಲು ಕಚ್ಚಿಕೊಂಡು, ಬಿದ್ದೆ ಎಂದಷ್ಟೇ ಹೇಳಿದ.

ಸಂಜೆಯೇ ಅನಿಲ್‌ಕುಮಾರ್ ಊರಿಗೆ ಬಂದು ವ್ಯಾನಿನ ಕೀ ಇಸಿದುಕೊಂಡ. ತಪ್ಪು ಡ್ರೈವರನದಲ್ಲ ಎಂದು ಏಟು ತಿಂದ ಯಜಮಾನರು ತಮ್ಮ ಬಾಯಲ್ಲೇ ಹೇಳಿದರೆ ಕೀ ವಾಪಸ್ಸು, ಇಲ್ಲವಾದರೆ ಬೇರೆಯವನನ್ನು ನೋಡಿಕೊಳ್ಳುತ್ತೇನೆ ಎಂದ. ಅತ್ತ ಗಂಗಣ್ಣನ ಮಗ ನವೀನ್‌ಕುಮಾರ್ ಪೊಲೀಸರಿಗೆ ದೂರು ಕೊಡಲು ತುದಿಗಾಲಲ್ಲಿ ನಿಂತಿದ್ದ. ಇಬ್ಬರೂ ಕಾಯುತ್ತಿದ್ದದ್ದು ಮುದುಕನ ಒಂದು ಮಾತಿಗೆ. ಕೆಂಪರಾಜನಿಗೆ ಗೊತ್ತಿದ್ದದ್ದು ಗಾಡಿ ಓಡಿಸುವುದೊಂದೇ.

ಕಾಲಿಗೆ ಕಟ್ಟು ಹಾಕಿಸಿಕೊಂಡು ಗಂಗಣ್ಣ ಮನೆಗೆ ಬಂದ ಮೇಲೆ ಕೆಂಪರಾಜ್ ಹಣ್ಣು ಹಿಡಿದುಕೊಂಡು ನೋಡಲು ಹೋದ. ಬೇಡಿಕೊಳ್ಳಬೇಕೆಂದೇ ಹೋಗಿದ್ದ. ಆದರೆ ಜಗಲಿಯ ಮೇಲೆ ಕಾಲು ಚಾಚಿ ಕೂತ ಗಂಗಣ್ಣನ ಮುಖದಲ್ಲಿ ತನ್ನ ಮುಖದಲ್ಲಿದ್ದಷ್ಟೇ ಬೇಸರ ಕಂಡು ನಾಲಗೆ ಬೇರೆ ದಾರಿ ಹಿಡಿಯಿತು.

"ಹಾರನ್ ಹೊಡೆದ್ನಲ್ಲ ದೊಡ್ಡಪ್ಪ. ನೀನು ಇದ್ದ ಕಡೆನೇ ಇದ್ದಿದ್ರೆ ನಾನು ಪಕ್ಕದಲ್ಲಿ ಹೋಗ್ಬಿಡ್ತಿದ್ದೆ."

"ಹುಟ್ಟಿದಾಗಿಂದ ಹಾರನ್ ಹೊಡೆದು ಸರ್ಕೋ ಅಂದಿರೇ ಹೊರ್ತು, ನಿಂತ್ಕೋ ಅಂತ ಯಾವನೂ ಅಂದಿಲ್ಲ. ಸರ್ಕಂಡೆ."

"ಹಿಂದೆ ತಿರುಗಿ ನೋಡಿ ಸರ್ಕೋಬೇಕಲ್ವಾ?"

"ನೋಡ್ತಾ ನಿಂತಿದ್ರೆ ನೀನು ಹಾರ ಹಾಕ್ತಿದ್ದೆ, ನನ್ ಫೋಟೋಕ್ಕೆ."

ನವೀನ್‌ಕುಮಾರ್ ಒಳಗಿನಿಂದ ಬಂದು, ಇವನ ಜೊತೆ ಮಾತೇನು, ನಡಿಯಪ್ಪಾ ಸ್ಟೇಷನ್ನಿಗೆ ಹೋಗೋಣ ಎಂದ. ಗಂಗಣ್ಣ ಅವನತ್ತ ತಿರುಗಿ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಗಿಸಿಕೊಂಡು ಬೈಕ್ ಓಡಿಸುತ್ತೀಯಲ್ಲ, ದೂರು ಕೊಡುವುದಾದರೆ ಮೊದಲು ನಿನ್ನ ಮೇಲೆ ಕೊಡುತ್ತೇನೆ ಎಂದ. ಮಗ ಬಂದಂತೆಯೇ ಒಳಗೆ ಹೋದ.

ಕೆಂಪರಾಜನಿಗೆ ಅಲ್ಲಿಗೆ ಸುಮ್ಮನಾಗಬೇಕೆನಿಸಿತು. ಆದರೂ, ಅಂಚಿನಲ್ಲಿ ನಡೆದಿದ್ದರೆ ಇದೊಂದೂ ಆಗುತ್ತಿರಲಿಲ್ಲ ಎಂಬ ಮಾತು ಬಾಯಿಂದ ಜಾರಿತು.

ಗಂಗಣ್ಣ ಹಣ್ಣಿನ ಕವರನ್ನು ಪಕ್ಕಕ್ಕೆ ಸರಿಸಿದ. "ಅಂಚಲ್ಲಿ ನಿಮ್ಮವ್ವನ ಹುರುಳಿ ಇತ್ತು ಕಣೋ. ಊರಿಗೆ ಅಂತ ಸಿಮೆಂಟಿನ ಕಣ ಕಟ್ಸವ್ರಲ್ಲ, ಅಲ್ಲಿ ಯಾಕೆ ಹಾಸ್ಲಿಲ್ಲ? ಮನೆಗೋಗಿ ಕೇಳು."

ಕೇಳುವ ಅಗತ್ಯವಿರಲಿಲ್ಲ. ಊರಾಚೆಯ ಆ ಕಣದ ಅರ್ಧಕ್ಕೆ ಯಾರೋ ಇಟ್ಟಿಗೆ ಪೇರಿಸಿದ್ದರು. ಉಳಿದರ್ಧದಲ್ಲಿ ನಿಲ್ಲುತ್ತಿದ್ದದ್ದು ಕೆಂಪರಾಜನ ವ್ಯಾನು. ಗಟ್ಟಿ ನೆಲ, ಕೆಸರಿಲ್ಲ, ಯಾರಿಗೂ ತೊಂದರೆಯಿಲ್ಲ ಎಂದು ಅವನೇ ಆರಿಸಿಕೊಂಡ ಜಾಗ. ಓಡುವ ಗಾಡಿ ಕಣದಲ್ಲಿ, ಒಕ್ಕುವ ಹುರುಳಿ ರಸ್ತೆಯಲ್ಲಿ. ಇಷ್ಟು ದಿನ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲವೋ, ಬಿದ್ದರೂ ಯಾರೂ ಹೇಳಲಿಲ್ಲವೋ.

ಗಂಗಣ್ಣ ಕಟ್ಟು ಹಾಕಿದ ಕಾಲನ್ನು ಕೈಯಿಂದ ಸರಿಪಡಿಸಿಕೊಂಡ. "ಹುರುಳಿ ಮೇಲೆ ಜಾರ್ದೆ ಅಂತ ಹೇಳ್ತೀನಿ ನಿನ್ ಓನರ್‌ಗೆ. ಜಾರಿದ್ದೂ ದಿಟ, ಸುಳ್ಳೇನಲ್ಲ. ನಾನು ಕೋಲು ಹಿಡ್ದು ಏಳೋ ಹೊತ್ಗೆ ನಡ್ಯಕ್ಕೆ ಅಂಚು ಬಿಟ್ಟಿರ್ಬೇಕು, ಅಷ್ಟೇ."

ಅವನು ಫೋನಿನಲ್ಲಿ ಹಾಗೆಯೇ ಹೇಳಿದ. ಕೆಂಪರಾಜನಿಗೆ ಕೀ ಸಿಕ್ಕಿತು. ಆದರೆ ಮಾತು ಅಷ್ಟರಲ್ಲೇ ಬೀದಿ ಸುತ್ತಿ ಅಮ್ಮಯಮ್ಮನ ಕಿವಿಗೂ ಬಿದ್ದಿತ್ತು. ಮಗನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡಳು.

"ಹುರುಳಿಗೇನ್ಲಾ ಸ್ಟೇರಿಂಗ್ ಇತ್ತಾ?" ಎಂದಳು.

ಮರುದಿನ ತಾಯಿ ಮಗ ಇಬ್ಬರೂ ಹುರುಳಿಯನ್ನು ಬಾಚಿ ಕಣಕ್ಕೆ ಸಾಗಿಸಿದರು. ಇಟ್ಟಿಗೆಯವನ ಜೊತೆ ಜಗಳವಾಡಿ ಇನ್ನಷ್ಟು ಜಾಗ ಬಿಡಿಸಿದ್ದು ಅಮ್ಮಯಮ್ಮನೇ. ಸಿಟ್ಟು ಎಲ್ಲಾದರೂ ಒಂದು ಕಡೆ ಇಳಿಯಬೇಕಲ್ಲ.

ವ್ಯಾನನ್ನು ಕೆಂಪರಾಜ್ ಮನೆಯ ಮುಂದೆ ತಂದು ನಿಲ್ಲಿಸಿದ, ಹುರುಳಿ ಇದ್ದ ಜಾಗದಲ್ಲೇ. ಇಳಿದು ಬಾಗಿಲು ಹಾಕುವಷ್ಟರಲ್ಲಿ, ಹುರುಳಿ ಹೋಗಿ ವ್ಯಾನು ಬಂತಾ ಎಂದು ಗಂಗಣ್ಣ ಜಗಲಿಯಿಂದಲೇ ಕೇಳಿದ. ಶಾಲೆಯಿಂದ ಬರುತ್ತಿದ್ದ ಎರಡು ಹುಡುಗಿಯರು ವ್ಯಾನನ್ನು ಬಳಸಿಕೊಂಡು ರಸ್ತೆಯ ನಡುವೆ ನಡೆದುಹೋದರು. ಕೆಂಪರಾಜ್ ತಲೆ ಚಚ್ಚಿಕೊಂಡು ಮತ್ತೆ ಗಾಡಿ ಹತ್ತಿದ. ಊರ ಸುತ್ತ ಎರಡು ಸಲ ತಿರುಗಿದ. ಗಾಡಿ ನಿಲ್ಲಿಸಲು ಯಾರಿಗೂ ಅಡ್ಡಿಯಾಗದ ಜಾಗ ಸಿಕ್ಕಿದ್ದು ಡೈರಿಯ ಹಿಂದಿನ ಬಯಲಿನಲ್ಲಿ, ಮನೆಯಿಂದ ಒಂದು ಮೈಲಿ ದೂರ.

ಅಲ್ಲಿಂದ ಅವನು ನಡೆದು ಬಂದ. ಗಂಗಣ್ಣ ದಿನವೂ ನಡೆಯುತ್ತಿದ್ದ ರಸ್ತೆ ಅದು. ಸಂಜೆ ಇಳಿಯುತ್ತಿತ್ತು. ಸ್ಟೇರಿಂಗಿನ ಹಿಂದಿನಿಂದ ಅಗಲವಾಗಿ ಕಾಣುತ್ತಿದ್ದ ರಸ್ತೆ ಕಾಲಿಗೆ ಸಿಕ್ಕಾಗ ಅಂಗೈಯಗಲವಾಗಿತ್ತು. ಒಬ್ಬರ ಹುರುಳಿ, ಇನ್ನೊಬ್ಬರ ರಾಗಿ ಹುಲ್ಲು, ಕಾಳು ಎತ್ತಿಕೊಂಡು ಹೋದವರು ಅಲ್ಲೇ ಬಿಟ್ಟ ಕಲ್ಲುಗಳು. ಲಾರಿಯೊಂದು ತೋಳಿಗೆ ಗಾಳಿ ತಾಗುವಷ್ಟು ಹತ್ತಿರದಿಂದ ಹೋಯಿತು. ಎದುರಿಗೆ ಬರುವ ಗಾಡಿ ಕಾಣಲೆಂದು ಬಲಕ್ಕೆ ದಾಟಿ ನಡೆದರೆ ಅಲ್ಲಿಯೂ ಹುರುಳಿ. ಮತ್ತೆ ನಡುವಿಗೆ ಬಂದ.

ಹಿಂದೆ ಹಾರನ್ ಕೇಳಿಸಿತು.

ಎಡಕ್ಕೆ ಸರಿಯಬೇಕೋ, ಬಲಕ್ಕೋ, ನಿಂತಲ್ಲೇ ನಿಲ್ಲಬೇಕೋ ಅವನಿಗೆ ಹೊಳೆಯಲಿಲ್ಲ. ಕಾಲು ನೆಲಕ್ಕೆ ಕಚ್ಚಿಕೊಂಡಿತು. ಬೈಕು ಸೊಂಟ ಸವರಿಕೊಂಡು ಹೋಗಿ ಮುಂದೆ ನಿಂತಿತು. ನವೀನ್‌ಕುಮಾರ್. ಫೋನು ಇನ್ನೂ ಕಿವಿ ಹೆಗಲುಗಳ ನಡುವೆಯೇ ಇತ್ತು.

"ಏನಣ್ಣಾ, ರಸ್ತೆ ಮಧ್ಯ ನಿಂತ್ಬಿಟ್ಟಿದ್ಯಾ? ಸರ್ಕೊಳ್ಳೋದಲ್ವಾ?"

ಕೆಂಪರಾಜ್ ಏನೋ ಹೇಳಹೊರಟ. ಬೈಕು ಆಗಲೇ ಹೊರಟುಹೋಗಿತ್ತು.

ಉಳಿದ ದಾರಿಯುದ್ದಕ್ಕೂ ಅವನನ್ನು ಒಂದೇ ಪ್ರಶ್ನೆ ಕಾಡಿತು. ಗಂಗಣ್ಣ ಕೇಳಿರಲಿಲ್ಲ, ಅನಿಲ್‌ಕುಮಾರನಿಗೆ ಕೇಳಲು ತೋಚಿರಲಿಲ್ಲ. ಅಂದು ಮುಂದೆ ಕೂತಿದ್ದ ನವ್ಯಶ್ರೀಯನ್ನು ಆಮೇಲೊಂದು ದಿನ ಇವನೇ ಕೇಳಿದ; ಗಾಡಿ ತಾಗಿದ ಹೊತ್ತಿನಲ್ಲಿ ಅವಳು ಟಿಫನ್ ಬಾಕ್ಸಿನ ಮುಚ್ಚಳ ಹಾಕುತ್ತಿದ್ದಳಂತೆ. ಅಂದು ತನ್ನ ಕೈ ಎಡಕ್ಕೆ ಹೊರಳಿದ್ದು ಗಂಗಣ್ಣನನ್ನು ಕಂಡು ಅವನನ್ನು ತಪ್ಪಿಸಲಿಕ್ಕೋ, ಇಲ್ಲಾ ದಿನದ ರೂಢಿಯಂತೆ ಅವ್ವನ ಹುರುಳಿ ತುಳಿಸಲು ಅದಕ್ಕಿಂತ ಮೊದಲೇ ಹೊರಳಿತ್ತೋ? ಕೆಂಪರಾಜನಿಗೆ ಗೊತ್ತಿಲ್ಲ. ಗೊತ್ತಿದೆ ಎಂದು ಇಲ್ಲಿ ಬರೆದರೆ ಅದು ಸುಳ್ಳಾಗುತ್ತದೆ.