ಜ್ವರದ ಕಾವಿಗೆ ಮೆಣಸಿನ ಬೀಜ

ಬೆಳಗಿನಿಂದ ಏಳನೇ ಸಲ ಆ ಗಂಟು ಬಿಚ್ಚಿ ನೋಡಿದೆ. ಒದ್ದೆ ಉಣ್ಣೆಬಟ್ಟೆಯೊಳಗೆ ಮೆಣಸಿನಕಾಯಿ ಬೀಜಗಳು ನಿನ್ನೆಯಂತೆಯೇ ಬಿದ್ದುಕೊಂಡಿದ್ದವು.

"ಮತ್ತೆ ಬಿಚ್ಚಿದ್ಯಾ ನೆವೆನಾ?" ಹಾಸಿಗೆಯಿಂದ ಅತ್ತೆ ಜ್ಲಾತಾ ಕೂಗಿದರು. ಜ್ವರದಲ್ಲೂ ಕಿವಿ ಮಾತ್ರ ಚುರುಕು. "ಥಂಡಿ ತಾಗಿಸಿ ಸಾಯಿಸ್ತೀಯ. ಎದೆಗೆ ಕಟ್ಕೊಂಡು ಸುಮ್ನಿರು ಅಂದ್ರೆ ಆಗಲ್ವಾ?"

ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಮಾರ್ಚ್ ಅರ್ಧ ಕಳೆದರೂ ಬಾಲ್ಕನ್ ಬೆಟ್ಟದಿಂದ ಹಿಮಗಾಳಿ ಬೀಸುತ್ತಲೇ ಇತ್ತು. ಮಾರ್ಚ್ ತಿಂಗಳ ಚಳಿ-ಬಿಸಿಲೆಲ್ಲ ಅವಳ ಕೈಲಿದೆ ಎಂದು ನಾವು ನಂಬುವ ಮಾರ್ತಾ ಅಜ್ಜಿಯ ಮುನಿಸು ಇಳಿಯಲೆಂದು ಗಂಟಿಗೆ ಕೆಂಪು-ಬಿಳಿ ದಾರ ಸುತ್ತಿದ್ದೆ. ಅವಳು ಕ್ಯಾರೇ ಅನ್ನಲಿಲ್ಲ. ಈ ತಿಂಗಳು ನಮ್ಮೂರ ಹೆಂಗಸರೆಲ್ಲ ಬೀಜ ಎದೆಗೆ ಕಟ್ಟಿಕೊಂಡೇ ಓಡಾಡುತ್ತಾರೆ, ಮೈಶಾಖಕ್ಕೆ ಮೊಳಕೆಯೊಡೆದ ಮೇಲೆಯೇ ಮಣ್ಣಿಗೆ ಹಾಕುವುದು. ಆದರೆ ಹಗಲೆಲ್ಲ ಕುರಿದೊಡ್ಡಿಯಲ್ಲಿ ನಡುಗುವ ನನ್ನ ಮೈಯಲ್ಲಿ ಶಾಖವೆಲ್ಲಿಯದು? ಹೋದ ವಾರ ಕಟ್ಟಿಕೊಂಡದ್ದು ಕೊಳೆತೇ ಹೋಯಿತು. ಉಳಿದದ್ದು ಈ ಒಂದು ಚಮಚ. ಅತ್ತೆ ತವರಿನಿಂದ ತಂದು ನಲವತ್ತು ವರ್ಷ ಕಾಪಾಡಿದ ತಳಿ, ಬೇರೆ ಯಾರ ಹತ್ತಿರವೂ ಇಲ್ಲ. ಇದೂ ಹೋದರೆ ಮುಗಿಯಿತು.

"ಇಲ್ಲಿ ಕೊಡು," ಎಂದರು ಅತ್ತೆ. "ಹೆಂಗೂ ಸುಡ್ತಾ ಬಿದ್ದಿದೀನಿ. ಜ್ವರ ಯಾಕೆ ದಂಡ ಆಗ್ಬೇಕು?"

ನಗು ಬಂತು. ಕೊಟ್ಟೆ.

ದಿನಕ್ಕೆ ಮೂರು ಹೊತ್ತು ಅವರ ಕೈಗೆ ಮಾತ್ರೆ, ಲಿಂಡನ್ ಹೂವಿನ ಚಹಾ ಕೊಟ್ಟು ಹಣೆ ಮುಟ್ಟಿ ನೋಡುತ್ತಿದ್ದೆ. ಮೂರು ದಿನವಾದರೂ ಜ್ವರ ಇಳಿಯಲಿಲ್ಲ. ನಿಜ ಹೇಳುತ್ತೇನೆ, ಹಣೆ ಸುಡುತ್ತಿದ್ದರೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಮರುಕ್ಷಣ ನನ್ನ ಮೇಲೇ ನನಗೆ ಅಸಹ್ಯ. ಕೂತಲ್ಲಿ ಕೂರಲಾಗದೆ ದೊಡ್ಡಿಗೂ ಕೋಣೆಗೂ ಅಲೆಯುತ್ತಿದ್ದೆ.

ನಾಲ್ಕನೇ ಬೆಳಿಗ್ಗೆ ಗಲೀಪು ಬದಲಿಸಲು ದಿಂಬು ಎತ್ತಿದೆ. ಅದರೊಳಗಿಂದ ಒಂಬತ್ತು ಮಾತ್ರೆಗಳು ನೆಲಕ್ಕೆ ಉದುರಿದವು. ಒಂದನ್ನೂ ನುಂಗಿರಲಿಲ್ಲ!

"ಏನತ್ತೆ ಇದು?"

"ಜ್ವರ ಇಳಿದ್ರೆ ಬೀಜ ತಣ್ಣಗಾಗಲ್ವೇನೇ?"

"ನೀವೇ ತಣ್ಣಗಾಗಿಬಿಟ್ಟಿದ್ರೆ? ಆ ಮೆಣಸಿನಕಾಯಿ ಸುಟ್ಟು ಯಾರ ತಟ್ಟೆಗೆ ಹಾಕ್ಲಿ?" ಕಿರುಚಿದೆ. ಕೋಪದ ಜೊತೆ ಅಳುವೂ ಬಂದಿತ್ತು.

ಅತ್ತೆ ಎದೆಯಿಂದ ಗಂಟು ತೆಗೆದು ಚಾಚಿದರು. ಅವರು ಒಮ್ಮೆಯೂ ಅದನ್ನು ಬಿಚ್ಚಿರಲಿಲ್ಲ. ನಾನೂ ಬಿಚ್ಚಲಿಲ್ಲ.

"ಮೊದ್ಲು ಮಾತ್ರೆ," ಎಂದೆ.

"ಮೊದ್ಲು ಗಂಟು."

"ಊಹೂಂ."

ಅವರು ಗೊಣಗುತ್ತಾ ಮಾತ್ರೆ ನುಂಗಿ, ನಾಲಿಗೆ ಎತ್ತಿ ತೋರಿಸಿದರು. ಆಮೇಲೆ ದಾರ ಸಡಿಲಿಸಿದೆ. ಒಂದೊಂದು ಬೀಜಕ್ಕೂ ಬಿಳಿ ಬಾಲ ಬಂದಿತ್ತು.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು.

"ಅಯ್ಯೋ, ಎಷ್ಟುದ್ದ ಬಂದಿದೆ! ಮಾತ್ರೆ ನಿನ್ನೇನೇ ನುಂಗ್ಬೋದಿತ್ತಲ್ಲೇ."