ಚಾವಣಿಯ ಬಕೆಟ್ಟಿನವಳು

ನಮ್ಮ ಅತ್ತೆಯ ಕತ್ತು ಮೇಲಕ್ಕೆ ಏಳುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ದಿನಾ ಬೆಳಿಗ್ಗೆ ಆ ಕತ್ತಿಗೆ ಪಟ್ಟಿ ಕಟ್ಟುವವಳೇ ನಾನು. ಆದರೂ ದೊಡ್ಡ ಚರ್ಚಿನ ಚಾವಣಿಯ ಚಿತ್ರ ನೋಡಲೇಬೇಕೆಂದು ಅವರು ಹಟ ಹಿಡಿದಾಗ, ಹೊಲಿಗೆ ಅಂಗಡಿಗೆ ಬೀಗ ಹಾಕಿ, ಎರಡು ಬಸ್ಸು ಬದಲಿಸಿ, ಗೈಡಿನ ಹಿಂದೆ ಹೋಗುವ ಸಾಲಿನಲ್ಲಿ ನಿಂತೆ. ನನ್ನ ಬುದ್ಧಿಗೆ ಏನೆನ್ನಬೇಕೋ!

ಆ ಚರ್ಚಿನ ನೆಲವನ್ನು ಅತ್ತೆ ಇಪ್ಪತ್ತಾರು ವರ್ಷ ಒರೆಸಿದವರು. ಚಾವಣಿಯ ಒಂದು ಮೂಲೆಯಲ್ಲಿ ಬಕೆಟ್ಟು ಹಿಡಿದ ದೇವದೂತೆಯೊಬ್ಬಳಿದ್ದಾಳಂತೆ. ಅವಳು ಅತ್ತೆಯ ಜೊತೆಗಾತಿ. ಇವರು ಕೆಲಸ ಬಿಟ್ಟ ಮೇಲೆ ಚಾವಣಿಗೆ ಎರಡು ವರ್ಷ ರಿಪೇರಿ ನಡೆಯಿತು. ಅವಳನ್ನು ಉಳಿಸಿದರೋ, ಬಣ್ಣ ಬಳಿದು ಅಳಿಸಿಬಿಟ್ಟರೋ? ಊಟಕ್ಕೆ ಕೂತರೂ ಅದೇ ಮಾತು, ಮಲಗಿದರೂ ಅದೇ ಮಾತು. ರಿಪೇರಿಯಾದ ಮೇಲೆ ಮಾರಾಟಕ್ಕೆ ಬಂದ ಚಾವಣಿಯ ಫೋಟೋಗಳಲ್ಲಿ ಬರೀ ನಡುಭಾಗ. ಮೂಲೆಯವರನ್ನು ಯಾರು ಕೇಳುತ್ತಾರೆ?

ಗೈಡು ಮಡಿಸಿದ ಕೊಡೆಯನ್ನು ಎತ್ತಿ ಹಿಡಿದು ಮುಂದೆ ನಡೆದ. "ಗುಂಪು ಬಿಟ್ಟು ಹೋಗ್ಬೇಡಿ. ಫೋಟೋ ತೆಗೀಬೇಡಿ. ಹಿಂದೆ ಇನ್ನೊಂದು ಗುಂಪು ಬರ್ತಿದೆ, ಬೇಗ ಬೇಗ." ಪ್ರತಿ ಕಂಬದ ಎತ್ತರವನ್ನೂ ಮಗ್ಗಿಯ ಹಾಗೆ ಒಪ್ಪಿಸಿದ. ಎಲ್ಲರೂ ಮೇಲೆ ನೋಡಿದರೆ ನಮ್ಮ ಅತ್ತೆ ಕೆಳಗೆ ನೋಡುತ್ತಿದ್ದರು.

"ಇದೇನೇ, ಮೇಣ ಬಿದ್ದು ಎಷ್ಟು ದಿನ ಆಯ್ತೋ! ಕೆರೆಯೋರೇ ಇಲ್ವಾ?"

"ಅತ್ತೆ, ನೆಲ ನೋಡೋಕೆ ಇಷ್ಟು ದೂರ ಬಂದ್ವಾ?"

"ಸುಮ್ನಿರೇ. ಕಣ್ಣಿಗೆ ಬಿದ್ರೆ ಹೇಳ್ಬಾರ್ದಾ?"

ಕೊನೆಗೆ ಆ ಮೂಲೆಗೆ ಬಂದೆವು. ಗೈಡು ಕೊಟ್ಟದ್ದು ಐದು ನಿಮಿಷ. ನಾನು ಕತ್ತೆತ್ತಿ ಹುಡುಕಿದೆ. ಸಿಕ್ಕಳು!

"ಇದ್ದಾಳೆ ಅತ್ತೆ! ಹಾಗೇ ಇದ್ದಾಳೆ. ನಡೀರಿ, ಬಸ್ಸಿಗೆ ಹೊತ್ತಾಯ್ತು."

"ಬಕೆಟ್ಟು ಯಾವ ಕೈಲಿದೆ?"

"ಬಲಗೈಲಿ."

ಅತ್ತೆಯ ಮುಖ ಬಾಡಿತು. "ಹಾಗಾದ್ರೆ ಅವಳಲ್ಲ. ಅವಳು ನನ್ನ ಹಾಗೇ ಎಡಚಿ. ಅಳಿಸಿ ಬೇರೆಯವಳನ್ನ ಬರೆದಿದ್ದಾರೆ."

ಗೈಡನ್ನು ಕರೆದು ಕೇಳಿದೆ. "ಇಲ್ಲಮ್ಮ, ಒಂದು ಗೆರೆನೂ ಬದಲಾಗಿಲ್ಲ. ಮೊದಲಿಂದ್ಲೂ ಬಲಗೈನೇ," ಎಂದ.

"ನೀನು ನಿನ್ನೆ ಮೊನ್ನೆ ಬಂದೋನು. ನಾನು ದಿನಾ ನೋಡಿದೋಳು."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಅತ್ತೆ, ದಿನಾ ನೋಡ್ತಿದ್ರಿ ಸರಿ, ಎಲ್ಲಿಂದ ನೋಡ್ತಿದ್ರಿ? ಕತ್ತೆತ್ತಿ ಒಂದು ದಿನನಾದ್ರೂ ನೋಡಿದ್ರಾ?"

"ನೆಲ ಒರೆಸೋಳು ಮೇಲೆ ನೋಡ್ತಾ ನಿಂತ್ರೆ ಕೆಲಸ ಯಾರು ಮಾಡ್ತಾರೆ?"

ಹೀಗೆಂದವರೇ ನನ್ನ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡು, ಮೆಲ್ಲನೆ ಮಂಡಿಯೂರಿ, ಕಪ್ಪು ಕಲ್ಲಿನ ಮೇಲೆ ನೀರು ಸುರಿದರು. ಚೀಲದಲ್ಲಿದ್ದ ಟವೆಲ್ಲು ತೆಗೆದು ಎಡಗೈಯಿಂದ ಅರ್ಧಚಂದ್ರದ ಹಾಗೆ ಎಳೆಯತೊಡಗಿದರು.

"ಅಜ್ಜೀ! ಏನ್ ಮಾಡ್ತಿದ್ದೀರಾ? ಯಾರಾದ್ರೂ ಜಾರಿ ಬಿದ್ರೆ?" ಗೈಡು ಓಡಿ ಬಂದ.

"ನಾನೊರೆಸಿದ ನೆಲದಲ್ಲಿ ಇದುವರೆಗೂ ಒಬ್ರೂ ಬಿದ್ದಿಲ್ಲ. ಆಚೆ ನಿಂತ್ಕೋಪ್ಪ, ಬೂಟಿನ ಗುರುತು ಬೀಳುತ್ತೆ."

ಒದ್ದೆ ಕಲ್ಲಿನಲ್ಲಿ ಮೊದಲು ಕಿಟಕಿಯ ಬೆಳಕು ಅಲುಗಿತು. ನೀರು ನಿಂತ ಮೇಲೆ ಚಾವಣಿಯೇ ಇಳಿದು ಬಂದಂತೆ ನಮ್ಮ ಕಾಲ ಬಳಿ ಅವಳು ನಿಂತಿದ್ದಳು. ಎಡಗೈಯಲ್ಲಿ ಬಕೆಟ್ಟು.

"ಓ... ಇದ್ದೀಯೇನೇ!" ಎಂದರು ಅತ್ತೆ. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ಕೇಳಿರಲಿಲ್ಲ.

ಕನ್ನಡಿಯ ಮುಂದೆ ಗಿರಾಕಿಗಳನ್ನು ನಿಲ್ಲಿಸಿ ಅಳತೆ ನೋಡುವವಳು ನಾನು. ಎಡ ಬಲ ಅದಲುಬದಲಾದದ್ದು ತಕ್ಷಣ ಹೊಳೆಯಿತು. ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಗೈಡೂ ಬಾಯಿ ತೆರೆದ. ನಾನು ಕಣ್ಣು ಕೆಂಪಗೆ ಮಾಡಿದೆ. ಪುಣ್ಯಾತ್ಮ ಎಡ ಬಲದ ಸುದ್ದಿ ಬಿಟ್ಟ, ಆದರೆ ಪೂರ್ತಿ ಸುಮ್ಮನಿರಲು ಅವನ ಕೈಲಾಗಲಿಲ್ಲ.

"ಅಜ್ಜಿ, ಅದು ಬಕೆಟ್ಟಲ್ಲ. ಧೂಪದ ಪಾತ್ರೆ."

"ಧೂಪದ ಪಾತ್ರೆಗೆ ಯಾರಪ್ಪ ಹೀಗೆ ಸೊಂಟ ವಾಲಿಸ್ತಾರೆ? ತುಂಬಿದ ಬಕೆಟ್ಟೇ ಅದು. ಹೊತ್ತೋರಿಗೆ ಗೊತ್ತು."

ಗುಂಪಿನವರೆಲ್ಲ ಕೆಳಗೆ ಬಗ್ಗಿ ನೋಡತೊಡಗಿದರು. ಹಿಂದಿನ ಗುಂಪೂ ಬಂದು ಸೇರಿತು. ಐದು ನಿಮಿಷ ಹದಿನೈದಾಯಿತು. ನಮ್ಮ ಬಸ್ಸು ಹೋಯಿತು.

"ಈಗಾದ್ರೂ ಹೊರಡೋಣವಾ ಅತ್ತೆ?"

"ಒದ್ದೆ ನೆಲ ಬಿಟ್ಟು ಹೋಗ್ತಾರೇನೇ? ನನ್ನ ಮಂಡಿ ಹಿಡ್ಕೊಂಡಿದೆ, ನೀನೇ ಒರೆಸಿಬಿಡು."

ಅವರನ್ನು ಎಬ್ಬಿಸಿ ಕಂಬಕ್ಕೆ ಒರಗಿಸಿ ನಿಲ್ಲಿಸಿದೆ. ಟವೆಲ್ಲು ಹಿಂಡಿಕೊಂಡು, ಅಷ್ಟು ಜನರ ಮುಂದೆ ಮಂಡಿಯೂರಿ ನೆಲ ಒರೆಸಿದೆ. ಬಕೆಟ್ಟಿನವಳು ಸ್ವಲ್ಪ ಸ್ವಲ್ಪವೇ ಮಾಯವಾದಳು. ಬೆನ್ನು ನೆಟ್ಟಗೆ ಮಾಡಿ ಏಳುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಮೂಲೆ ಬಿಟ್ಟೆ ನೋಡು."

ಹಲ್ಲು ಕಡಿದುಕೊಂಡು ಮೂಲೆಯನ್ನೂ ಒರೆಸಿದೆ.